ಶೈಶವಕ್ಕೆ ಸಂದ ಹೆಸರು

ಕೆರೆಯಂಚಿನಲ್ಲಿ ಬಾಲವಾಡಿಸುವ ಗೊದಮೊಟ್ಟೆಯು ಬೇರೊಂದು ಪ್ರಾಣಿಯಲ್ಲ, ಕಪ್ಪೆಯ ಬಾಲ್ಯವೇ ಅದು ಎಂಬುದನ್ನು ನಮ್ಮ ಹಳ್ಳಿಯ ಮಕ್ಕಳು ಯಾರೂ ಹೇಳಿಕೊಡದೆಯೇ ಅರಿತಿರುತ್ತಾರೆ. ಅದಕ್ಕೆ ಕಾಲು ಮೂಡುವುದೂ ಬಾಲ ಕರಗುವುದೂ ಅವರ ಕಣ್ಣೆದುರಿನಲ್ಲಿಯೇ ನಡೆಯುತ್ತದೆಯಷ್ಟೆ. ಆದರೆ ಆ ರೂಪಾಂತರವು ಮನುಷ್ಯದೃಷ್ಟಿಗೆ ನಿಲುಕದ ಸಮುದ್ರದಲ್ಲಿ ನಡೆಯುವುದಾದರೆ, ಮಗುವನ್ನು ಕಂಡವರು ತಾಯಿಯನ್ನರಿಯದೆ, ತಾಯಿಯನ್ನು ಕಂಡವರು ಮಗುವನ್ನರಿಯದೆ, ಎರಡಕ್ಕೂ ಬೇರೆ ಬೇರೆ ಕುಲಗೋತ್ರಗಳನ್ನು ಕಲ್ಪಿಸಿಬಿಡುವುದು ಸಹಜವೇ ಸರಿ. ಮತ್ಸ್ಯಶಾಸ್ತ್ರದ ‘ಲೆಪ್ಟೊಸೆಫಾಲಸ್’ ಎಂಬ ಶಬ್ದದ ಹಿಂದೆ ಇರುವುದು ಇಂಥದೊಂದು ಪ್ರಮಾದ.

ಗ್ರೀಕ್ ಭಾಷೆಯಲ್ಲಿ ‘ಲೆಪ್ಟೋಸ್’ ಎಂದರೆ ತೆಳ್ಳನೆಯದು, ‘ಕೆಫಲೇ’ ಎಂದರೆ ತಲೆ. ಹದಿನೆಂಟನೆಯ ಶತಮಾನದಲ್ಲಿ ವೇಲ್ಸ್ ದೇಶದ ಹಾಲಿಹೆಡ್ ಬಳಿಯ ಕಡಲಲ್ಲಿ ವಿಲಿಯಮ್ ಮಾರಿಸ್ ಎಂಬವನಿಗೆ ದೊರೆತ ವಿಚಿತ್ರವಾದ ಮೀನೊಂದಕ್ಕೆ, ಡಚ್ ಪಂಡಿತ ಗ್ರೊನೋವಿಯಸನು 1763ರಲ್ಲಿ ಈ ಎರಡು ಪದಗಳನ್ನು ಬೆಸೆದು ನಾಮಕರಣ ಮಾಡಿದನು. ಮೈ ಎಲೆಯಂತೆ ಚಪ್ಪಟೆ. ತಲೆ ಆ ಮೈಗೆ ಒಪ್ಪದಷ್ಟು ಕಿರಿದು. ರಕ್ತದಲ್ಲಿ ಕೆಂಪು ಕಣಗಳೇ ಇಲ್ಲದುದರಿಂದ ದೇಹವೆಲ್ಲ ಸ್ಫಟಿಕದಂತೆ ಪಾರದರ್ಶಕ. ನೀರಿನಲ್ಲಿಟ್ಟು ನೋಡಿದರೆ ಕಾಣುವುದು ಎರಡು ಕಪ್ಪು ಕಣ್ಣುಗಳು ಮಾತ್ರ. ಇಂಥದನ್ನು ಕಂಡವರು ಇದೊಂದು ಸ್ವತಂತ್ರ ಕುಲವೆಂದು ಬಗೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಂದೆ ಇಂಥವು ಹಲವು ದೊರೆತವು, ದೊರೆತಂತೆಲ್ಲ ಹೊಸ ಹೊಸ ಜಾತಿನಾಮಗಳು ಹುಟ್ಟಿದವು. 1856ರಲ್ಲಿ ಜರ್ಮನಿಯ ಕಾಪ್ ಎಂಬ ವಿದ್ವಾಂಸನು ಮೆಸ್ಸೀನಾ ಜಲಸಂಧಿಯ ಮೀನೊಂದನ್ನು ‘ಲೆಪ್ಟೊಸೆಫಾಲಸ್ ಬ್ರೆವಿರಾಸ್ಟ್ರಿಸ್’ ಎಂದು ಕರೆದನು. ಇಷ್ಟೊಂದು ಜಾತಿಗಳಿದ್ದರೂ ಒಂದರ ಹೊಟ್ಟೆಯಲ್ಲಿಯೂ ಮೊಟ್ಟೆಯಿಲ್ಲವೇಕೆ ಎಂಬ ಸಂಶಯ ಮಾತ್ರ ಬಹುಕಾಲ ಯಾರನ್ನೂ ಅಷ್ಟಾಗಿ ಕಾಡಿದಂತೆ ತೋರುವುದಿಲ್ಲ.

ಇತ್ತ ಯುರೋಪಿನ ನದಿಗಳ ಹಾವುಮೀನಿನದು ಇದಕ್ಕೆ ತದ್ವಿರುದ್ಧವಾದ ಸಮಸ್ಯೆಯಾಗಿತ್ತು. ಎಲ್ಲರ ಅಡುಗೆಮನೆಗೂ ಬರುವ ಆ ಮೀನಿನ ಮೊಟ್ಟೆಗಳನ್ನು ಕಂಡವರೇ ಇರಲಿಲ್ಲ. ಅದು ಕೆಸರಿನಿಂದಲೂ ಒದ್ದೆಮಣ್ಣಿನಿಂದಲೂ ತಾನಾಗಿ ಉದಿಸುವುದೆಂದು ಅರಿಸ್ಟಾಟಲನೇ ನಂಬಿದ್ದನು. ಅದರ ಅಂಡಾಶಯವನ್ನು ಬೊಲೋನ್ಯದ ಮೊಂದೀನಿಯು ಗುರುತಿಸಿದ್ದು 1777ರಲ್ಲಿ. ಗಂಡಿನ ವೃಷಣವನ್ನು ಹುಡುಕುತ್ತ 1876ರಲ್ಲಿ ತ್ರಿಯೆಸ್ತೆಯಲ್ಲಿ ಸುಮಾರು 400 ಹಾವುಮೀನುಗಳನ್ನು ಸೀಳಿ ನೋಡಿ, ಆಗಲೂ ಖಚಿತವಾಗಿ ಹೇಳಲಾರದೆ ಹಿಂದಿರುಗಿದ ತರುಣ ವಿದ್ಯಾರ್ಥಿಯು ಮುಂದೆ ಮನಶ್ಶಾಸ್ತ್ರದಲ್ಲಿ ಪ್ರಖ್ಯಾತನಾದ ಸಿಗ್ಮಂಡ್ ಫ್ರಾಯ್ಡನೇ. ಮೀನಿನ ಗುಟ್ಟನ್ನು ಬಿಡಿಸಲಾಗದವನು ಮನುಷ್ಯನ ಗುಟ್ಟಿಗೆ ಕೈಹಾಕಿದನೆಂದು ನಗುವವರು ನಗಲಿ.

ಹೀಗೆ ತಾಯಿಯಿಲ್ಲದ ಮಗುವೂ ಮಗುವಿಲ್ಲದ ತಾಯಿಯೂ ಪುಸ್ತಕದ ಬೇರೆ ಬೇರೆ ಪುಟಗಳಲ್ಲಿ ವಾಸವಾಗಿದ್ದವು. ಮಾರಿಸನ ಮೀನು ಕಾಂಗರ್ ಎಂಬ ಕಡಲ ಹಾವುಮೀನಿನ ಮರಿಯೇ ಇರಬೇಕೆಂದು ಅಮೆರಿಕದ ಥಿಯೊಡೋರ್ ಗಿಲ್ 1864ರಲ್ಲಿ ಊಹಿಸಿದನು. ಆದರೆ ಲಂಡನ್ನಿನ ಘನ ವಿದ್ವಾಂಸ ಗುಂಥರನು 1880ರಲ್ಲಿಯೂ, ಇವು ಬೆಳವಣಿಗೆ ಕುಂಠಿತವಾಗಿ, ಪೂರ್ಣರೂಪವನ್ನೆಂದಿಗೂ ಪಡೆಯದೆ ಸಾಯುವ ವಿಕೃತ ಶಿಶುಗಳೆಂದೇ ಸಾಧಿಸುತ್ತಿದ್ದನು. ಅರ್ಧ ಸತ್ಯವನ್ನು ಕಂಡು ಉಳಿದರ್ಧಕ್ಕೆ ಇಷ್ಟು ಗಂಭೀರವಾದ ಅಡ್ಡಗೋಡೆ ಕಟ್ಟಿದ ನಿದರ್ಶನಗಳು ವಿರಳ. ಫ್ರಾನ್ಸಿನ ರಾಸ್ಕಾಫಿನಲ್ಲಿ ದೆಲಾಜನು 1886ರಲ್ಲಿ ತೊಟ್ಟಿಯಲ್ಲಿಟ್ಟ ಮಾರಿಸನ ಮೀನು ಕಾಂಗರ್ ಆದುದನ್ನು ಕಣ್ಣಾರೆ ಕಂಡಾಗ ಆ ಗೋಡೆ ಬಿರುಕುಬಿಟ್ಟಿತು. ಹತ್ತು ವರ್ಷಗಳ ತರುವಾಯ, ಆಳದ ಜೀವಿಗಳನ್ನು ಮೇಲಕ್ಕೆ ಎಸೆಯುವ ಮೆಸ್ಸೀನಾದ ಸುಳಿಗಳ ದಡದಲ್ಲಿ, ಇಟಲಿಯ ಗ್ರಾಸ್ಸಿ ಮತ್ತು ಕಲಾಂದ್ರುಚ್ಚಿಯೊ ಎಂಬಿಬ್ಬರು ಕಾಪನ ‘ಬ್ರೆವಿರಾಸ್ಟ್ರಿಸ್’ ನದಿಯ ಹಾವುಮೀನಿನ ಶೈಶವವೇ ಎಂದು ಸ್ಥಾಪಿಸಿದರು. ಎಲೆಯಂಥ ಮೈ ದುಂಡಗಾಗುತ್ತ, ಮರಿಹಲ್ಲುಗಳು ಉದುರುತ್ತ, ಆಹಾರವನ್ನೇ ಮುಟ್ಟದೆ ದೇಹವು ಉದ್ದದಲ್ಲಿ ಕುಗ್ಗುತ್ತ ಹೋಗುವ ಈ ಪರಿವರ್ತನೆಯಲ್ಲಿ, ದೊಡ್ಡದಾಗುವುದೆಂದರೆ ಮೊದಲು ಚಿಕ್ಕದಾಗುವುದು ಎಂಬ ವಿಪರೀತ ಕ್ರಮವಿದ್ದುದರಿಂದಲೇ, ಅಳತೆಗೋಲನ್ನು ನಂಬಿದವರು ಮೋಸಹೋಗಿದ್ದರು.

ಅಂದಿನಿಂದ ‘ಲೆಪ್ಟೊಸೆಫಾಲಸ್’ ಕುಲನಾಮವಾಗಿ ಉಳಿಯದೆ ಒಂದು ವಯಸ್ಸಿನ ಹೆಸರಾಯಿತು. ಡೆನ್ಮಾರ್ಕಿನ ಯೊಹಾನ್ನೆಸ್ ಶ್ಮಿಟ್ 1904ರಲ್ಲಿ ಫೆರೋ ದ್ವೀಪಗಳ ಪಶ್ಚಿಮಕ್ಕೆ 77 ಮಿಲಿಮೀಟರ್ ಉದ್ದದ ಅಂಥದೊಂದು ಮರಿಯನ್ನು ಹಿಡಿದು, ಎಲ್ಲಿ ಇನ್ನೂ ಚಿಕ್ಕವು ದೊರೆಯುವುವೋ ಅದೇ ತವರೆಂಬ ಸರಳ ತರ್ಕವನ್ನು ಹಿಡಿದು, ವರುಷಗಟ್ಟಲೆ ಅಟ್ಲಾಂಟಿಕ್ಕಿನಲ್ಲಿ ಬಲೆ ಎಳೆಯುತ್ತ ಸರ್ಗಾಸೊ ಸಮುದ್ರವನ್ನು ತಲುಪಿದನು. 1966ರಲ್ಲಿ ವರ್ಗೀಕರಣಕಾರರು ಈ ಶೈಶವವನ್ನೇ ಗುರುತಾಗಿಟ್ಟುಕೊಂಡು, ನೋಟಕ್ಕೆ ಯಾವ ಸಾಮ್ಯವೂ ಇಲ್ಲದ ಟಾರ್ಪನ್ ಮೊದಲಾದ ಮೀನುಗಳನ್ನು ಹಾವುಮೀನುಗಳೊಡನೆ ಒಂದೇ ಸಮೂಹದಲ್ಲಿ ಸೇರಿಸಿದರು. ಕುಲದ ಪಟ್ಟದಿಂದ ಇಳಿದ ಹೆಸರು ಹೀಗೆ ಹಲವು ಕುಲಗಳ ನಂಟನ್ನು ಸಾರುವ ಸಾಕ್ಷಿಯಾಯಿತು.

ನಮ್ಮ ಪಶ್ಚಿಮಘಟ್ಟದ ಹೊಳೆಗಳ ಕಲ್ಲುಪೊಟರೆಗಳಲ್ಲಿ ಅಡಗಿರುವ ‘ಆಂಗ್ವಿಲ್ಲಾ ಬೆಂಗಾಲೆನ್ಸಿಸ್’ ಜಾತಿಯೂ ತನ್ನ ಎಲೆಮೈಯ ಶೈಶವವನ್ನು ಕಡಲಲ್ಲಿಯೇ ಕಳೆದು, ನೀರಿಗೆದುರಾಗಿ ಮೇಲೇರಿ ಬಂದುದು. ಹೊಳೆಯ ಜನ ಕಂಡದ್ದು ಅದರ ನುಣುಪಾದ ನೀಳಮೈಯನ್ನು ಮಾತ್ರ. ಆದುದರಿಂದ ಅದನ್ನು ಹಾವುಮೀನೆಂದರು.