ಅಡುಗೂಲಜ್ಜಿ

‘ಅಡು’ ಎಂದರೆ ಬೇಯಿಸು. ಅದಕ್ಕೆ ‘ಕೂಲಿ’ ಸೇರಿ, ಕಕಾರ ಗಕಾರವಾಗಿ ‘ಅಡುಗೂಲಿ’. ದಾರಿಹೋಕರಿಗೆ ಅಡುಗೆ ಮಾಡಿಕೊಟ್ಟು ಕೂಲಿ ಪಡೆಯುತ್ತಿದ್ದ ಮುದುಕಿಯೇ ಅಡುಗೂಲಜ್ಜಿ, ಆಡುಮಾತಿನಲ್ಲಿ ಅಡಗೂಲಜ್ಜಿ. ಹೆಸರಿನಲ್ಲಿ ಅಜ್ಜಿ ಇರುವುದರಿಂದ ಇವಳನ್ನು ಕಥೆ ಹೇಳುವವಳೆಂದೇ ಹಲವರು ತಿಳಿದಿದ್ದಾರೆ. ಅಸಲಿಗೆ ಅವಳು ಕಥೆಯೊಳಗಿನ ಪಾತ್ರ. ಪರವೂರಿಗೆ ಬಂದ ರಾಜಕುಮಾರ ಇಳಿದುಕೊಳ್ಳುವುದು ಅವಳ ಮನೆಯಲ್ಲಿ, ಅರಮನೆಯ ಗುಟ್ಟು ತಿಳಿಯುವುದೂ ಅವಳ ಬಾಯಿಂದಲೇ. ಕಥೆಗಾರರಿಗೆ ಇದಕ್ಕಿಂತ ಸಲೀಸಾದ ಉಪಾಯ ಎಲ್ಲಿದೆ!

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ವಠಾರಗಳಲ್ಲಿ ಪಕ್ಕದ ತೆಲುಗು ಮನೆಯ ಕಥೆಗೆ ಕಿವಿಗೊಟ್ಟರೆ ಇದೇ ಕೆಲಸಕ್ಕೆ ಪೇದರಾಶಿ ಪೆದ್ದಮ್ಮ ಸಿಗುತ್ತಾಳೆ. ಫ್ರಾನ್ಸಿನಲ್ಲಿ ಷಾರ್ಲ್ ಪೆರೊ 1697ರಲ್ಲಿ ಅಚ್ಚು ಹಾಕಿಸಿದ ಕಥೆಗಳ ಮದರ್ ಗೂಸ್ ಬೇರೆ ಜಾತಿಯವಳು: ಮುಖಚಿತ್ರದಲ್ಲಿ ನೂಲುತ್ತ ಕೂತು ಕಥೆ ಹೇಳುತ್ತಾಳೆಯೇ ಹೊರತು ಒಳಗೆ ಕಾಲಿಡುವುದಿಲ್ಲ.

ಕಥೆ ಮುಗಿಸುವ ವಾಡಿಕೆಯೂ ಒಂದೊಂದು ಕಡೆ ಬೇರೆಯೇ. ಇಂಗ್ಲಿಷ್ ಕಥೆ ಜೋಡಿಯನ್ನು ಸದಾಕಾಲ ಸುಖವಾಗಿಟ್ಟು ಮುಗಿಯುತ್ತದೆ. ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಗಮನಿಸಿದಂತೆ, ಕನ್ನಡದ ಕಥೆ ಅವರನ್ನು ಅಲ್ಲೇ ಬಿಟ್ಟು ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸುತ್ತದೆ. ನನಗೆ ಇದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ಈಗ ‘ಅಡಗೂಲಜ್ಜಿ ಕಥೆ’ ಎಂದರೆ ನಂಬಲಾಗದ ಹಳೇ ಪುರಾಣ. ತಡವಾಗಿ ಬಂದು ನೆಪ ಹೇಳುವವರಿಗೂ ಇದೇ ಬೈಗುಳ.