ಸಾಷ್ಟಿಯ ದೇವರು ಅವರ್ಸೆಗೆ ಬಂದ ಬಗೆ

ಘಟ್ಟವಿಳಿದು ಬರುವ ಹುಬ್ಬಳ್ಳಿಯ ಹಾದಿಯು ಕರಾವಳಿಯ ಹೆದ್ದಾರಿಯನ್ನು ಕೂಡುವ ಬಾಳೆಗುಳಿಯಿಂದ ಕಾರವಾರದ ಕಡೆಗೆ ಸಾಗುವ ಪಥಿಕನಿಗೆ, ಅವರ್ಸೆಯ ಕಾತ್ಯಾಯನೀ ಬಾಣೇಶ್ವರ ದೇವಾಲಯವು ಈ ನೆಲದಲ್ಲಿಯೇ ಹುಟ್ಟಿ ಬೆಳೆದುದೆಂಬಂತೆ ತೋರಿದರೂ, ಅಲ್ಲಿಯ ಕುಳಾವಿಗಳು, ಎಂದರೆ ಆ ದೇವರನ್ನು ಕುಲದೇವರೆಂದು ಪೂಜಿಸುವ ಮನೆತನದವರು, ತಮ್ಮ ದೇವತೆಯ ಮೂಲಸ್ಥಾನವೆಂದು ಹೇಳುವುದು ಗೋವೆಯ ಸಾಷ್ಟಿ ಪ್ರಾಂತದ ಬಾಣಾವಳಿಯನ್ನು. ದೇವರೇ ಊರು ಬಿಡಬೇಕಾಗಿ ಬಂದ ಆ ಕಾಲವನ್ನು ಮತಾಂಧತೆಯ ಕಥೆಯೆಂದಷ್ಟೇ ಓದುವುದು ನಮ್ಮಲ್ಲಿ ರೂಢಿ. ನನಗೆ ಆ ವ್ಯಾಖ್ಯಾನವು ಸಾಲದೆನಿಸಿದೆ.

1560ರಲ್ಲಿ ಪೋರ್ತುಗೀಜರ ಆಳ್ವಿಕೆಯ ಗೋವೆಯಲ್ಲಿ ಇನ್‌ಕ್ವಿಝಿಷನ್ ಎಂಬ ಮತವಿಚಾರಣೆಯ ಪೀಠವು ಸ್ಥಾಪಿತವಾಯಿತು. 1567ರ ಹೊತ್ತಿಗೆ ಸಾಷ್ಟಿಯ ದೇವಾಲಯಗಳು ಭಗ್ನವಾದುವು. ಗುಡಿಗಳೊಡನೆ ಅವುಗಳ ಉಂಬಳಿಯ ಗದ್ದೆಗಳ ಆದಾಯವೂ ಇಗರ್ಜಿಗಳಿಗೆ ಸಂದಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು; ಏಕೆಂದರೆ ಗ್ರಾಮದ ಮುಖಂಡರಾದ ಗಾಂವಕಾರರ ಗೌರವ, ಗ್ರಾಮದ ಲೆಕ್ಕ, ಸುಗ್ಗಿಯ ಪಾಲು ಇವೆಲ್ಲವೂ ಗುಡಿಯ ಅಂಗಳವನ್ನೇ ಆಶ್ರಯಿಸಿದ್ದುವು. 1583ರಲ್ಲಿ ಸಾಷ್ಟಿಯ ಕುಂಕಳ್ಳಿ ಗ್ರಾಮದವರು, ಇಗರ್ಜಿಗೆ ಸ್ಥಳವನ್ನರಸಿ ಬಂದ ಐವರು ಜೆಸುಯಿಟ್ ಪಾದ್ರಿಗಳನ್ನೂ ಅವರ ಸಂಗಡಿಗರನ್ನೂ ಕೊಂದರು. ಹತರಾದವರಲ್ಲಿ ಒಬ್ಬನಾದ ರುಡಾಲ್ಫ್ ಅಕ್ವಾವಿವಾ ಅದೇ ಆಗ ಅಕ್ಬರನ ಆಸ್ಥಾನದಿಂದ ಮರಳಿದ್ದವನು. ಫತೇಪುರ ಸಿಕ್ರಿಯಲ್ಲಿ ಅನ್ಯಮತೀಯರ ನಡುವೆ ವಾದಿಸಿಯೂ ಕ್ಷೇಮವಾಗಿದ್ದ ಆತನು, ತನ್ನ ಮತದವರೇ ಆಳುತ್ತಿದ್ದ ಸೀಮೆಯಲ್ಲಿ ಬಲಿಯಾದನೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಅನಂತರ ಸಂಧಾನಕ್ಕೆಂದು ಅಸೋಳ್ಣೆಯ ಕೋಟೆಗೆ ಕರೆಸಲ್ಪಟ್ಟ ಕುಂಕಳ್ಳಿಯ ಮುಖಂಡರು ವಿಚಾರಣೆಯಿಲ್ಲದೆ ವಧಿಸಲ್ಪಟ್ಟರು. ಒಬ್ಬನು ಮಾತ್ರ ಹೊಳೆಗೆ ಹಾರಿ ಕಾರವಾರದ ಸೀಮೆಯನ್ನು ಸೇರಿದನೆಂದು ಐತಿಹ್ಯ. ಈ ವಧೆಯನ್ನು ನಡೆಯಿಸಿದುದು ಮತಪೀಠವಲ್ಲ, ಪ್ರಭುತ್ವ. ಹೊರಿಸಿದ ಅಪರಾಧವು ಪಾಷಂಡತೆಯಲ್ಲ, ದಂಗೆ.

ಇತ್ತ ಸಾಷ್ಟಿಯನ್ನು ಬಿಟ್ಟ ಮಂಗೇಶ, ಶಾಂತಾದುರ್ಗೆ ದೇವತೆಗಳಿಗೆ ಆಶ್ರಯವಾದ ಫೋಂಡಾ ಆಗ ಬಿಜಾಪುರದ ಆದಿಲಶಾಹಿಗಳದಾಗಿದ್ದಿತು. ಎರಡು ಶತಮಾನಗಳ ತರುವಾಯ, 1763ರ ಸುಮಾರಿಗೆ, ಹೈದರನಿಗೆ ಸೋತು ಗೋವೆಗೆ ಓಡಿದ ಸೋಂದೆಯ ಅರಸನಿಗೆ ಪೋರ್ತುಗೀಜರೇ ಆಸರೆಯಿತ್ತು, ಅಷ್ಟರಲ್ಲಿ ಅವನದಾಗಿದ್ದ ಫೋಂಡಾವನ್ನು ವಶಪಡಿಸಿಕೊಂಡು, ಅಲ್ಲಿಯ ದೇವಾಲಯಗಳನ್ನು ಮುಟ್ಟುವುದಿಲ್ಲವೆಂದು ವಚನವಿತ್ತರು. ಮತ ಅದೇ, ಕಿರೀಟ ಅದೇ. ಇನ್‌ಕ್ವಿಝಿಷನ್ ಪೀಠವೂ ಕೊನೆಗೊಂಡುದು 1812ರಲ್ಲಿ. ಬದಲಾದುದು ಹೊಸ ಸೀಮೆಯ ಪ್ರಜೆಗಳನ್ನು ಒಲಿಸಿಕೊಳ್ಳಬೇಕಾದ ರಾಜ್ಯದ ಅಗತ್ಯ.

ರಾಜ್ಯದ ಇದೇ ತರ್ಕವು ಇನ್ನೊಂದೆಡೆಯೂ ಕಾಣುತ್ತದೆ. 1784ರಲ್ಲಿ ಟಿಪ್ಪುವು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರಲ್ಲಿ ಅನೇಕರ ಪೂರ್ವಜರೂ ಗೋವೆಯನ್ನು ಬಿಟ್ಟು ಬಂದವರು. ಅವರ ಮೇಲೆ ಹೊರಿಸಿದ ದೋಷವೂ ಮತದ್ದಲ್ಲ, ಇಂಗ್ಲಿಷರಿಗೆ ನೆರವಾದರೆಂಬುದು.