ಬೀದಿ ತಿಕ್ಕಿಸಿದವರ ಮೊಮ್ಮಕ್ಕಳು

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಕ್ಕೆ ನುಗ್ಗಿತು ಅಂತ ಪುಸ್ತಕಗಳು ಹೇಳುತ್ತವೆ. ನುಗ್ಗಿತು ಅನ್ನೋದಕ್ಕಿಂತ, ಜನ ಹೂವೆರಚಿ ಬರಮಾಡಿಕೊಂಡರು ಅನ್ನೋದೇ ಸರಿ. ಆ ದಿನಗಳಲ್ಲೇ ವಿಯೆನ್ನಾ ನಗರದಲ್ಲಿ ಯಹೂದಿಗಳನ್ನು ಮನೆಯಿಂದ ಎಳೆದು ತಂದು, ಮೊಣಕಾಲೂರಿಸಿ, ಕೈಗೆ ಬ್ರಷ್ಷು ಕೊಟ್ಟು ಬೀದಿ ತಿಕ್ಕಿಸಿದರು. ರಸ್ತೆಯ ಮೇಲೆ ಬರೆದಿದ್ದ ಹಳೇ ಸರ್ಕಾರದ ಘೋಷಣೆಗಳನ್ನು ಅವರು ಅಳಿಸಬೇಕಿತ್ತು. ಡಾಕ್ಟರನೂ ತಿಕ್ಕಿದ, ಮುದುಕಿಯೂ ತಿಕ್ಕಿದಳು. ಸುತ್ತ ನಿಂತು ನಗುತ್ತಿದ್ದವರು ಎಲ್ಲಿಂದಲೋ ಬಂದವರಲ್ಲ, ಅದೇ ಬೀದಿಯ ನೆರೆಹೊರೆಯವರು. ಯುದ್ಧ ಮುಗಿಯುವ ಹೊತ್ತಿಗೆ ಆಸ್ಟ್ರಿಯಾದ ಸುಮಾರು 65,000 ಯಹೂದಿಗಳ ಕೊಲೆಯಾಗಿತ್ತು.

ಆಮೇಲೆ ಆಸ್ಟ್ರಿಯಾ ಏನು ಹೇಳಿತು? ನಾವೂ ಬಲಿಯಾದವರೇ ಅಂದಿತು. 1943ರಲ್ಲಿ ಮಿತ್ರರಾಷ್ಟ್ರಗಳು ಮಾಸ್ಕೋದಲ್ಲಿ ಹೊರಡಿಸಿದ ಘೋಷಣೆ, ಹಿಟ್ಲರನ ದಾಳಿಗೆ ಬಲಿಯಾದ ಮೊದಲ ದೇಶ ಆಸ್ಟ್ರಿಯಾ ಎಂದಿತ್ತು. ಹಿಟ್ಲರನ ಪಕ್ಕದಲ್ಲಿ ನಿಂತು ಯುದ್ಧ ಮಾಡಿದ ಹೊಣೆ ತಪ್ಪದು ಅಂತಲೂ ಅದೇ ಘೋಷಣೆ ಹೇಳಿತ್ತು. ಮೊದಲನೆಯದನ್ನು ಬಾಯಿಪಾಠ ಮಾಡಿದರು, ಎರಡನೆಯದನ್ನು ನುಂಗಿಕೊಂಡರು. ಹೊಡೆದವನೇ ಹೊಡೆಸಿಕೊಂಡೆ ಅಂತ ಅಳೋದನ್ನು ನಾವೇನು ಕಾಣದವರೇ?

ಆ ದೇಶದಲ್ಲಿ ಗಂಡುಹುಡುಗರಿಗೆ ಸೈನ್ಯ ಕಡ್ಡಾಯ. ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದವರಿಗೆ 1975ರಿಂದ ಆಸ್ಪತ್ರೆ, ಆಂಬುಲೆನ್ಸ್‌ಗಳಂಥ ಕಡೆ ಬದಲಿ ಸೇವೆ ಮಾಡುವ ಅವಕಾಶ ಬಂತು. ಆದರೆ ನಿನಗೆ ನಿಜವಾಗಿಯೂ ಮನಸ್ಸಾಕ್ಷಿ ಇದೆಯಾ ಅಂತ ಒಂದು ಮಂಡಲಿ ವಿಚಾರಿಸುತ್ತಿತ್ತು! ಬೀದಿ ತಿಕ್ಕಿಸಿದವರಿಗೆ ಇಂಥ ಪರೀಕ್ಷೆ ಇರಲಿಲ್ಲ. ಇನ್ಸ್‌ಬ್ರುಕ್‌ನ ರಾಜಕೀಯಶಾಸ್ತ್ರಜ್ಞ ಆಂದ್ರೆಯಾಸ್ ಮೈಸ್ಲಿಂಗರ್ ಎಂಬಾತ, ನಾಜಿಗಳ ಕೊಲೆಶಿಬಿರವಾಗಿದ್ದ ಪೋಲೆಂಡಿನ ಆಶ್ವಿಟ್ಜ್‌ಗೆ ಹೋಗಿ ದುಡಿಯೋದನ್ನೂ ಈ ಬದಲಿ ಸೇವೆಯಾಗಿ ಒಪ್ಪಿ ಅಂತ ಕೇಳಿದ. ಆತ 1980ರಲ್ಲಿ ಜರ್ಮನಿಯ 'ಪ್ರಾಯಶ್ಚಿತ್ತದ ಕುರುಹು' ಎಂಬ ಸಂಘಟನೆಯ ಜೊತೆ ಆಶ್ವಿಟ್ಜ್‌ನಲ್ಲಿ ಕೆಲಸ ಮಾಡಿ ಬಂದವನು.

ಆ ಸಂಘಟನೆ ಕಟ್ಟಿದ ಲೋಥರ್ ಕ್ರೈಸಿಗ್ ಬಗ್ಗೆ ಇಲ್ಲಿ ಹೇಳಲೇಬೇಕು. ಆತ ಬ್ರಾಂಡೆನ್‌ಬುರ್ಗ್ ಊರಿನಲ್ಲಿ ನ್ಯಾಯಾಧೀಶ. 1940ರಲ್ಲಿ, ತನ್ನ ಕೋರ್ಟಿನ ಪಾಲನೆಯಲ್ಲಿದ್ದ ಬುದ್ಧಿಮಾಂದ್ಯರು, ಮನೋರೋಗಿಗಳು ಸಾಲುಸಾಲಾಗಿ ಸತ್ತ ಸುದ್ದಿ ಬರತೊಡಗಿತು. ಇದು ಕೊಲೆ ಅಂತ ನ್ಯಾಯಮಂತ್ರಿಗೇ ಬರೆದ, ದೂರು ಕೊಟ್ಟ. ಇದಕ್ಕೆ ಹಿಟ್ಲರನದೇ ಅಪ್ಪಣೆ ಇದೆ ಎಂದು ತಿಳಿಸಿದರೂ ಜಗ್ಗಲಿಲ್ಲ. ನೌಕರಿಯಿಂದ ಇಳಿಸಿದರು, ಹೊಲ ನೋಡಿಕೊಂಡಿದ್ದ. 1958ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಚರ್ಚಿನ ಸಭೆಯಲ್ಲಿ ಈತನ ಕರೆ ಹೊರಟಿತು. ಯುದ್ಧ ಹೂಡಿದವರು ನಾವು, ಲಕ್ಷಾಂತರ ಯಹೂದಿಗಳನ್ನು ಕೊಂದವರು ನಾವು, ಇದು ಬೇಡವೆಂದಿದ್ದವರೂ ತಡೆಯಲು ಸಾಕಷ್ಟು ಮಾಡಲಿಲ್ಲ, ಈಗ ನಿಮ್ಮ ನೆಲದಲ್ಲಿ ನಮ್ಮ ಕೈಯಿಂದ ಏನಾದರೂ ಒಳ್ಳೇದು ಮಾಡಲು ಅನುಮತಿ ಕೊಡಿ ಎಂಬುದು ಅದರ ಸಾರ. ಅನುಮತಿ ಕೊಡಿ ಎಂಬ ಮಾತನ್ನು ಗಮನಿಸಬೇಕು. ನಮ್ಮ ಶಾಸ್ತ್ರದ ಪ್ರಾಯಶ್ಚಿತ್ತದಲ್ಲಿ ಪಂಚಗವ್ಯ ಕುಡಿದು, ಬ್ರಾಹ್ಮಣನಿಗೆ ದಕ್ಷಿಣೆ ಕೊಟ್ಟರೆ ಮುಗಿಯಿತು; ಅನ್ಯಾಯಕ್ಕೆ ಒಳಗಾದವನನ್ನು ಯಾರೂ ಕೇಳೋದಿಲ್ಲ. ಇಲ್ಲಿ ಅವನು ಬಾ ಅಂದರೆ ಮಾತ್ರ ಹೋಗಬೇಕು.

ಮೈಸ್ಲಿಂಗರ್‌ನ ಬೇಡಿಕೆಯನ್ನು ಆಗಿನ ರಾಷ್ಟ್ರಾಧ್ಯಕ್ಷ ಕಿರ್ಷ್‌ಶ್ಲೇಗರ್ ಒಪ್ಪಲಿಲ್ಲ. ಆಶ್ವಿಟ್ಜ್‌ನಲ್ಲಿ ಆಸ್ಟ್ರಿಯಾದವರು ಪ್ರಾಯಶ್ಚಿತ್ತ ಮಾಡಿಕೊಳ್ಳುವಂಥದ್ದು ಏನಿದೆ ಎಂಬುದು ಅವನ ನಿಲುವು. 1986ರಲ್ಲಿ, ಯುದ್ಧಕಾಲದಲ್ಲಿ ಬಾಲ್ಕನ್ ದೇಶಗಳಲ್ಲಿ ಜರ್ಮನ್ ಸೈನ್ಯದಲ್ಲಿದ್ದುದನ್ನು ಮುಚ್ಚಿಟ್ಟಿದ್ದ ಕುರ್ಟ್ ವಾಲ್ಡ್‌ಹೈಮ್‌ನ ಗುಟ್ಟು ಬಯಲಾಯಿತು. ಆದರೂ ಜನ ಅವನನ್ನೇ ರಾಷ್ಟ್ರಾಧ್ಯಕ್ಷನಾಗಿ ಆರಿಸಿದರು. ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು. ನಿಮ್ಮಜ್ಜ ಎಲ್ಲಿದ್ದ ಎಂಬ ಪ್ರಶ್ನೆ ಮನೆಮನೆಗೂ ಬಂತು. 1988ರಲ್ಲಿ ವಿಯೆನ್ನಾದ ನಡುಮಧ್ಯೆ, ನೆಲ ತಿಕ್ಕುತ್ತಿರುವ ಯಹೂದಿಯ ಕಂಚಿನ ಪ್ರತಿಮೆಯನ್ನು ಶಿಲ್ಪಿ ಆಲ್‌ಫ್ರೆಡ್ ಹ್ರ್‌ಡ್ಲಿಚ್ಕಾ ನಿಲ್ಲಿಸಿದ. ಪ್ರವಾಸಿಗಳು ಅದರ ಬೆನ್ನ ಮೇಲೆ ಕೂತು ಸುಧಾರಿಸಿಕೊಳ್ಳತೊಡಗಿದರು. ಕೊನೆಗೆ ಮುಳ್ಳುತಂತಿ ಸುತ್ತಬೇಕಾಯಿತು. 1991ರ ಜುಲೈಯಲ್ಲಿ ಪ್ರಧಾನಿ ವ್ರಾನಿಟ್ಸ್ಕಿ ಪಾರ್ಲಿಮೆಂಟಿನಲ್ಲಿ ನಿಂತು ನಮ್ಮವರೂ ಹೊಣೆಗಾರರು ಎಂದ. ಅದೇ ವರ್ಷ ಕಾನೂನು ತಿದ್ದಿದರು. 1992ರ ಸೆಪ್ಟೆಂಬರ್ 1ರಂದು ಮೊದಲ ಹುಡುಗ ಆಶ್ವಿಟ್ಜ್ ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕೆ ಹಾಜರಾದ.

ಇದಕ್ಕೆ ಗೆಡೆಂಕ್‌ಡೀನ್‌ಸ್ಟ್ ಅಂತ ಹೆಸರು. ನೆನಪಿನ ಸೇವೆ ಎಂದರ್ಥ. ಸೈನ್ಯಕ್ಕಿಂತ ಹೆಚ್ಚು ಕಾಲ ಮಾಡಬೇಕು, ಮೊದಮೊದಲು 14 ತಿಂಗಳು. ಆಶ್ವಿಟ್ಜ್ ಅಲ್ಲದೆ ಜೆರುಸಲೇಮಿನ ಯಾದ್ ವಾಶೆಮ್, ವಾಷಿಂಗ್ಟನ್ನಿನ ಮ್ಯೂಸಿಯಂ ಇಂಥ ಕಡೆಗೂ ಹೋದರು. ದಾಖಲೆ ಜೋಡಿಸೋದು, ಹಳೇ ಕಾಗದ ಅನುವಾದಿಸೋದು, ಬದುಕುಳಿದ ಮುದುಕರಿಗೆ ನೆರವಾಗೋದು. ಇದರಲ್ಲೂ ಕುಂದಿತ್ತು. ಸರ್ಕಾರದ ಹಣ ಖರ್ಚಿಗೆ ಸಾಲದು, ಆದ್ದರಿಂದ ಬಡವರ ಮಕ್ಕಳಿಗೆ ಕಷ್ಟ. ಹೆಂಗಸರಿಗೆ ಸೈನ್ಯ ಕಡ್ಡಾಯವಲ್ಲ, ಹಾಗಾಗಿ ಬದಲಿ ಸೇವೆಯೂ ಇಲ್ಲ, ಹಾಗಾಗಿ ಸರ್ಕಾರದ ದುಡ್ಡೂ ಇಲ್ಲ! ಕಾನೂನು ಬದಲಾಗುವವರೆಗೆ, ಹೋಗಲು ಬಯಸಿದ ಹುಡುಗಿಯರಿಗೆ ಚಂದಾ ಎತ್ತಬೇಕಾಯಿತು.

ನನಗೆ ದೊಡ್ಡದಾಗಿ ಕಾಣೋದು ನ್ಯೂಯಾರ್ಕಿನ ಕೆಲಸ. ವಿಯೆನ್ನಾದಿಂದ ಓಡಿಹೋದ ಸಾವಿರಾರು ಯಹೂದಿಗಳು ಅಲ್ಲಿ ನೆಲೆಸಿದ್ದರು. 1996ರಿಂದ ಈ ಹುಡುಗರು ಅಲ್ಲಿನ ಲಿಯೋ ಬೆಕ್ ಸಂಸ್ಥೆಯ ಪರವಾಗಿ ಅಂಥವರನ್ನು ಹುಡುಕಿ, ಪ್ರಶ್ನಾವಳಿ ಕಳಿಸಿ, ಎದುರು ಕೂತು ಅವರ ಮಾತನ್ನು ಟೇಪು ಮಾಡಿಕೊಂಡರು. ಯಾವ ಬೀದಿಯಲ್ಲಿದ್ದಿರಿ, ಯಾವ ಸ್ಕೂಲು, ಯಾವತ್ತು ಬಿಟ್ಟುಹೋದಿರಿ. ಮಾತು ಕೆಲವೊಮ್ಮೆ ನಡೆಯುತ್ತಿದ್ದುದು ಬಿಟ್ಟುಬಂದ ಊರಿನದೇ ಭಾಷೆಯಲ್ಲಿ. ಕೇಳುವ ಹುಡುಗನ ಅಜ್ಜ ಅದೇ ಬೀದಿಯವನೇ ಇರಬಹುದು.